ಪರದೆಗೆ ಬಾರದ ನಿನ್ನ ಮಾತು

ಸುಧಾ, ಯುಮಿಕೊಳ ವಿಡಿಯೊದಿಂದ ನಿನ್ನ ಭಾಗವನ್ನು ತೆಗೆಸಿದವನು ನಾನು. ಚೆನ್ನಾಗಿ ಬಂದಿಲ್ಲವೆಂದು ಅವಳೇ ಕೈಬಿಟ್ಟಳು ಎಂದು ನಿನಗೆ ಹೇಳಿದ್ದು ಸುಳ್ಳು.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಎಜ್‌ವೇರ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಯುಮಿಕೊ ತನ್ನ ನಾಡಿನ ಹೆಂಗಸರ ಪಾಡನ್ನು ವಿಡಿಯೊ ಕಲೆಯಾಗಿಸುತ್ತಿದ್ದಳು. ಕಿಮೊನೊ ಉಟ್ಟು ಮಂಡಿಯೂರಿದ ಹೆಂಗಸು — ಅವಳೇ — ಗಂಡಸರಿಗೆ ಚಹಾ ಬಗ್ಗಿಸುತ್ತಾಳೆ. ಬಟ್ಟಲು ತೆಗೆದುಕೊಳ್ಳಲು ಅವರ ಕೈಗಳು ಮಾತ್ರ ಬರುತ್ತವೆ. ಯಾರ ಮುಖವೂ ಅವಳತ್ತ ತಿರುಗುವುದಿಲ್ಲ. ಪಕ್ಕದ ಪರದೆಗೆ ನೀನು ಬೇಕೆಂದಳು. ನಮ್ಮ ಭಾನುವಾರದ ಊಟಗಳನ್ನು ನೋಡಿದ್ದಳಲ್ಲ — ನನ್ನ ಗೆಳೆಯರಿಗೆಲ್ಲ ಬಡಿಸುತ್ತ ನಿಂತ ನಿನ್ನನ್ನು.

ನಿನ್ನ ಕನ್ನಡವನ್ನು ಇಂಗ್ಲಿಷಿಗೆ ಮಾಡಿಕೊಡಲು ಟೇಪನ್ನು ನನಗೇ ಕೊಟ್ಟಳು. ಅದರಲ್ಲಿ, ನೀವು ಊಟ ಮಾಡುವುದು ಯಾವಾಗ ಎಂದು ಅವಳು ಕೇಳುತ್ತಾಳೆ. ನೀನು ನಗುತ್ತೀಯ.

"ಎಲ್ಲರದ್ದೂ ಆದ್ಮೇಲೆ. ಅಷ್ಟೊತ್ತಿಗೆ ಸಾರು ಆರಿರುತ್ತೆ, ಹಸಿವು ಸತ್ತಿರುತ್ತೆ. ನಮ್ಮನೆಯವರಿಗೆ ಪ್ರಪಂಚದ ಸುದ್ದಿಯೆಲ್ಲ ಗೊತ್ತು. ನಾನು ಊಟ ಮಾಡಿದ್ನೋ ಇಲ್ವೋ, ಅದೊಂದು ಗೊತ್ತಿರಲ್ಲ."

ಆಡಿದವರ ಮಾತನ್ನು ತಿರುಚಬಾರದು — ಸುದ್ದಿಮನೆಯಲ್ಲಿ ನಾನು ಕಿರಿಯರಿಗೆ ಹೇಳುತ್ತಿದ್ದ ನಿಯಮ. ತಿರುಚಲಿಲ್ಲ. ಇಡೀ ಮಾತನ್ನೇ ಇಲ್ಲವಾಗಿಸಿದೆ. ಟೇಪನ್ನು ಹಿಂತಿರುಗಿಸಿ, ಸುಧಾ ಮನಸ್ಸು ಬದಲಿಸಿದ್ದಾಳೆ, ತೋರಿಸುವುದು ಬೇಡವಂತೆ ಎಂದೆ. ಯುಮಿಕೊ ತಲೆಬಾಗಿ ಒಪ್ಪಿದಳು. ನಿನಗೆ ಮುಜುಗರವಾದೀತೆಂದು ನಿನ್ನನ್ನು ಒಂದು ಮಾತೂ ಕೇಳಲಿಲ್ಲ.

ಅವಳೇ ಕೈಬಿಟ್ಟಳೆಂದು ನಿನಗೆ ಹೇಳಿದಾಗ ನೀನು ಅನ್ನ ಬಸಿಯುತ್ತಿದ್ದೆ. "ಹೋಗ್ಲಿ ಬಿಡಿ. ನನಗೇನ್ರೀ ಮಾತಾಡೋಕೆ ಬರುತ್ತೆ?"

ಆ ಮಾತನ್ನು ನೀನು ಆಮೇಲೂ ಆಡುತ್ತ ಬಂದೆ — ಮಗಳ ಶಾಲೆಯ ಸಭೆಗೆ ಹೊರಡುವಾಗ, ಕನ್ನಡ ಕೂಟದವರು ವೇದಿಕೆಗೆ ಕರೆದಾಗ, ಕಡೆಗೆ ಜಿಪಿ ಡಾಕ್ಟರ ಮುಂದೆ ನೋವು ಎಲ್ಲಿ ಎಂದು ಹೇಳುವಾಗಲೂ. ನಿನ್ನ ಪರವಾಗಿ ನಾನೇ ಮಾತಾಡಿದೆ. ಅದು ಎಲ್ಲಿಂದ ಶುರುವಾಯಿತೆಂದು ಗೊತ್ತಿದ್ದೂ —

ಪ್ರದರ್ಶನಕ್ಕೆ ಒಬ್ಬನೇ ಹೋದೆ. ಜಪಾನಿನ ಹೆಣ್ಣುಮಕ್ಕಳ ಮೌನ ಮುರಿದ ಕೃತಿ ಎಂದು ನಮ್ಮ ವಾರಪತ್ರಿಕೆಗೆ ಬರೆದೆ. ಓದಿ, ಚೆನ್ನಾಗಿದೆ ಅಂದೆ ನೀನು.

ಕಳೆದ ವಾರ ಯುಮಿಕೊಗೆ ಫೋನ್ ಮಾಡಿ ನಿಜ ಹೇಳಿದೆ. ಟೇಪ್ ಇನ್ನೂ ಅವಳ ಬಳಿ ಇದೆ. ಕಳಿಸಿಕೊಡು ಎಂದೆ. "ಅದು ಸುಧಾಳದು, ನಿಮಗೆ ಕೊಡುವುದಿಲ್ಲ" ಎಂದಳು.

ಶನಿವಾರ ಅವಳೇ ತರುತ್ತಾಳೆ. ನೀವಿಬ್ಬರೂ ನೋಡಿ. ತೋರಿಸುವುದೋ ಬಿಡುವುದೋ ನೀನು ಅವಳಿಗೆ ಹೇಳು. ಆಗ ನಾನು ಆ ಕೋಣೆಯಲ್ಲಿ ಇರುವುದಿಲ್ಲ.