‘ಮೇಲಿನಂತೆ’ ಎಂಬ ಎರಡು ಗೀಟು

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಹೋಗುವ ಹದಿನೇಳು ಮೆಟ್ಟಿಲನ್ನು ಆಕೆ ದಡದಡ ಇಳಿಯುತ್ತಾರೆ. ಐವತ್ತೆರಡರ ಮಂಡಿ ಬೇಡ ಬೇಡ ಎನ್ನುತ್ತದೆ, ಕೇಳುವ ವ್ಯವಧಾನ ಯಾರಿಗಿದೆ? ಬೀಗದ ಕೈ ಎರಡು ಸಲ ಜಾರಿ ಬೀಳುತ್ತದೆ. ದೀಪ ಹಾಕಿ, ಕಂಪ್ಯೂಟರ್ ಚಾಲೂ ಮಾಡಿ, ಅದು ಎದ್ದು ಕೂರುವ ಒಂದೂವರೆ ನಿಮಿಷದಲ್ಲಿ ಮೂರು ಸಲ ಗೋಡೆ ಗಡಿಯಾರ ನೋಡುತ್ತಾರೆ.

“ಹತ್ತು ಗಂಟೆಗೆ ಪಟ್ಟಿ ಹೋಗ್ಬಿಡುತ್ತೆ. ಅಷ್ಟರೊಳಗೆ ಗೊತ್ತಾಗ್ಬೇಕು, ನಾನು ಎಡವಟ್ಟು ಮಾಡಿದೀನೋ ಇಲ್ವೋ ಅಂತ.”

ಈ ಕೋಣೆಗೆ ದತ್ತಾಂಶ ಭಂಡಾರ ಎಂದು ಹೆಸರು. ಪ್ರಾಧ್ಯಾಪಕರು, ಸಂಶೋಧಕರು ವರ್ಷಗಟ್ಟಲೆ ಅಲೆದು ಸಂಗ್ರಹಿಸಿದ ಅಂಕಿ, ಟಿಪ್ಪಣಿ, ಧ್ವನಿಮುದ್ರಣಗಳೆಲ್ಲ ಕೊನೆಗೆ ಇಲ್ಲಿಗೆ ಬರುತ್ತವೆ. ಇಲ್ಲಿಂದ ಬೇಕಾದವರಿಗೆ ಹೋಗುತ್ತವೆ. ಇತಿಹಾಸದವರದ್ದು ಭೂವಿಜ್ಞಾನಕ್ಕೆ, ವೈದ್ಯರದ್ದು ಭಾಷಾಶಾಸ್ತ್ರಕ್ಕೆ. ಹೋಗುವ ಮುನ್ನ ಪ್ರತಿಯೊಂದೂ ಈ ಸಹಾಯಕಿಯ ಕಣ್ಣು ದಾಟಬೇಕು. ಯಾವ ಕಡತ ಬಂದರೂ ಆಕೆಯ ಮೊದಲ ಪ್ರಶ್ನೆ ಒಂದೇ: “ಅಂದ್ರೇನು?” ಈ ಕಾಲಂ ಅಂದ್ರೇನು, ಈ ಸೊನ್ನೆ ಅಂದ್ರೇನು, ಖಾಲಿ ಬಿಟ್ಟಿದ್ದೀರಲ್ಲ, ಹಾಗಂದ್ರೇನು? ಇಡೀ ಆವರಣ ಆಕೆಯನ್ನು ‘ಅಂದ್ರೇನಕ್ಕ’ ಎಂದೇ ಕರೆಯುತ್ತದೆ. ಕುಲಪತಿಗಳೂ ಒಮ್ಮೆ ಬಾಯಿ ತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡರಂತೆ.

ಹತ್ತೊಂಬತ್ತು ವರ್ಷದ ಕೆಲಸ. ಅದಕ್ಕೂ ಮುಂಚೆ ವಿಶ್ವವಿದ್ಯಾಲಯದ ಗೇಟಿನ ಪಕ್ಕದ ಅಂಗಡಿಯಲ್ಲಿ ಪರರ ಪ್ರಬಂಧಗಳನ್ನು ಟೈಪ್ ಮಾಡುತ್ತಿದ್ದರು. ಅರ್ಥವಾಗದ ಸಾಲು ಬಂದರೆ ಆಗಲೂ ಬಿಡುತ್ತಿರಲಿಲ್ಲ. ಒಬ್ಬ ಪ್ರಾಧ್ಯಾಪಕರು ರೇಗಿ, “ಟೈಪ್ ಮಾಡಮ್ಮ, ಅರ್ಥ ಕಟ್ಕೊಂಡು ನಿನಗೇನು?” ಎಂದರಂತೆ. ಮಾರನೆಯ ತಿಂಗಳು ಅವರೇ ಗ್ರಂಥಾಲಯದಲ್ಲಿ ಖಾಲಿ ಇದ್ದ ಹುದ್ದೆಗೆ ಅರ್ಜಿ ಹಾಕಿಸಿದರಂತೆ. ಈಗ ವಾರಕ್ಕೆ ಎರಡು ಮೂರು ಕಡತ, ಒಂದೊಂದಕ್ಕೆ ನಲವತ್ತು ಐವತ್ತು ಪ್ರಶ್ನೆ. ಇದುವರೆಗೆ ದಾಟಿಸಿದ್ದು ಎರಡು ಸಾವಿರದ ಮುನ್ನೂರು ಚಿಲ್ಲರೆ. ಒಂದರ ಮೇಲೂ ಆಕೆಯ ಹೆಸರಿಲ್ಲ.

ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ? ಆಕೆ ಪಕ್ಷಿಗಳ ಕಥೆ ಹೇಳುತ್ತಾರೆ. ಪಕ್ಷಿ ವೀಕ್ಷಕರೊಬ್ಬರು ಪ್ರತಿ ಹಕ್ಕಿಯ ಮುಂದೆ ‘ಹಾ’ ಎಂದು ಬರೆದಿದ್ದರು. ಸಂಗೀತ ವಿಭಾಗದವರು ಅದನ್ನು ಪಡೆದು, ಯಾವ ಹೊತ್ತಿನಲ್ಲಿ ಯಾವ ಹಕ್ಕಿ ಹಾಡುತ್ತದೆಂದು ಆರು ತಿಂಗಳು ತಲೆ ಕೆಡಿಸಿಕೊಂಡರು. “ಕೊನೇಗೆ ಕೇಳಿದ್ರೆ, ‘ಹಾ’ ಅಂದ್ರೆ ಹಾಡ್ತು ಅಂತಲ್ಲ, ಹಾರ್ಹೋಯ್ತು ಅಂತ! ಅದು ನಾನು ರಜದಲ್ಲಿದ್ದಾಗ ದಾಟಿದ ಕಡತ. ನನ್ನ ಕೈಲಿ ಬಂದಿದ್ರೆ ಬಿಡ್ತಿದ್ನಾ?”

ಬೇರೆ ದಿನವಾಗಿದ್ದರೆ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವತ್ತು ನಗು ಗಂಟಲಲ್ಲೇ ನಿಲ್ಲುತ್ತದೆ. ಏಕೆಂದರೆ ಇವತ್ತಿನ ಕಡತ ಅವರ ಕೈಯಿಂದಲೇ ದಾಟಿದ್ದು.

ಅದು ಬಾವಿಗಳ ಕಡತ. ಬಹಳ ಹಿಂದೆ ಊರಿನ ನೈರ್ಮಲ್ಯ ಕಚೇರಿಯ ನೌಕರನೊಬ್ಬ ಮೂವತ್ತೊಂದು ವರ್ಷ ಬಾವಿಯಿಂದ ಬಾವಿಗೆ ನಡೆದು, ನೀರಿನ ಆಳ ಅಳೆದು, ರುಚಿ ನೋಡಿ, ಸಿಹಿ, ಉಪ್ಪು, ವಾಸನೆ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಆ ಪುಸ್ತಕಗಳು ಇತಿಹಾಸದ ಮೇಷ್ಟ್ರಿಗೆ ಸಿಕ್ಕಿ, ಅವರು ಅಕ್ಷರ ಬಿಡದಂತೆ ಟೈಪ್ ಮಾಡಿಸಿದರು. ಅಂತರ್ಜಲ ಅಧ್ಯಯನ ಮಾಡುವ ಮೇಡಂ ಅದಕ್ಕಾಗಿ ಕಾದು ಕೂತಿದ್ದರು. ಮುಚ್ಚಿದ ಬಾವಿಗಳಲ್ಲಿ ಯಾವುದನ್ನು ಕುಡಿಯುವ ನೀರಿಗೆ ಮತ್ತೆ ತೆರೆಯಬಹುದೆಂದು ನೀರು ಸರಬರಾಜು ಕಚೇರಿ ಅವರನ್ನು ಕೇಳಿತ್ತು. ಇಂದಿನ ಪರೀಕ್ಷೆ ಇಂದಿನ ನೀರನ್ನಷ್ಟೇ ಹೇಳುತ್ತದೆ. ಕಡು ಬೇಸಗೆಯಲ್ಲಿ ಅದೇ ಬಾವಿ ಹೇಗೆ ತಿರುಗುತ್ತದೆಂದು ಹೇಳುವುದು ಆ ಹಳೆಯ ಪುಸ್ತಕ ಮಾತ್ರ.

ಮೇಷ್ಟ್ರು ಸುಲಭಕ್ಕೆ ಕೊಡಲಿಲ್ಲ. “ಮೂರು ವರ್ಷ ಅವರ ಮೆಟ್ಟಿಲು ಹತ್ತಿ ಹತ್ತಿ ನನ್ನ ಚಪ್ಪಲಿ ಸವೆದೋಯ್ತು. ವಿಜ್ಞಾನದವರಿಗೆ ಕೊಟ್ರೆ ಹಿಂಡಿ ಹಿಪ್ಪೆ ಮಾಡ್ತಾರೆ ಅಂತಿದ್ರು. ನಾನಿದೀನಲ್ಲ ಮೇಷ್ಟ್ರೇ ಅಂದೆ. ನನ್ನ ಮುಖ ನೋಡಿ ಕೊಟ್ರು.”

ನಿನ್ನೆ ಸಂಜೆ ಅತ್ತೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದರು. ಎಪ್ಪತ್ತೊಂಬತ್ತರ ಅತ್ತೆ ದಿನಾ ಬಿ.ಪಿ. ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಿನ್ನೆಯಷ್ಟೇ ಇದ್ದರೆ ಎರಡು ಪುಟ್ಟ ಗೀಟು ಎಳೆದು ಕೈ ತೊಳೆದುಕೊಳ್ಳುತ್ತಾರೆ. ಮೇಲಿನಂತೆ ಎಂದರ್ಥ. ಡಾಕ್ಟರು ಪುಟ ತಿರುಗಿಸಿದರೆ ಮೊದಲ ಸಾಲಿನಿಂದಲೇ ಗೀಟು, ಗೀಟು, ಗೀಟು. “ಅಮ್ಮಾ, ಮೇಲಿನಂತೆ ಅಂದ್ರೆ ಯಾವುದರ ಮೇಲಿನಂತೆ?”

“ಹಿಂದಿನ ಹಾಳೆದು ಕಣಪ್ಪ. ಅದನ್ನ ಹರಿದು ಪಕ್ಕದ ಮನೆಯವಳಿಗೆ ಫೋನ್ ನಂಬರ್ ಬರ್ಕೊಟ್ಟೆ.”

ಡಾಕ್ಟರು ನಕ್ಕರು, ಅತ್ತೆಯೂ ನಕ್ಕರು. ಸೊಸೆಗೆ ಮಾತ್ರ ಬಾವಿಯ ಪುಸ್ತಕ ನೆನಪಾಯಿತು. ಅದರ ತುಂಬವೂ ಅವೇ ಎರಡು ಗೀಟು. ಅಲ್ಲಿ ಹಾಳೆ ಹರಿಯಬೇಕಾಗಿಯೂ ಇಲ್ಲ. ಸಾಲುಗಳ ಕ್ರಮ ಬದಲಾದರೆ ಸಾಕು, ‘ಮೇಲಿನಂತೆ’ ಎನ್ನುವುದಕ್ಕೆ ಮೇಲೆ ಬೇರೆ ಯಾವುದೋ ಬಾವಿ ಬಂದು ಕೂರುತ್ತದೆ.

“ಇಡೀ ಕಡತದಲ್ಲಿ ಐವತ್ತಮೂರು ಪ್ರಶ್ನೆ ಕೇಳಿದೀನಿ. ಗೀಟು ಅಂದ್ರೇನು ಅಂತ ಕೇಳ್ಲಿಲ್ಲ, ವಿವರದಲ್ಲೂ ಬರೀಲಿಲ್ಲ. ಯಾಕೆ ಹೇಳಿ? ನನಗೆ ಗೊತ್ತಿತ್ತಲ್ಲ! ಒಂದನೇ ಕ್ಲಾಸಿಂದ ಗೊತ್ತು.”

ಕಡತ ಪಡೆದವರು ತಾವು ಮಾರ್ಪಡಿಸಿದ ಪ್ರತಿಯನ್ನು ಭಂಡಾರಕ್ಕೆ ಮರಳಿಸಬೇಕೆಂಬುದು ನಿಯಮ. ಮೇಡಂ ಮರಳಿಸಿದ ಪ್ರತಿ ತೆರೆಯುತ್ತದೆ. ಒಂದೂ ಗೀಟಿಲ್ಲ, ಎಲ್ಲ ನೀಟು. ಮೊದಲು ಆಳದ ಪ್ರಕಾರ ಸಾಲು ಜೋಡಿಸಿ, ಆಮೇಲೆ ಗೀಟಿದ್ದಲ್ಲೆಲ್ಲ ಮೇಲಿನ ಸಾಲಿನ ಮಾತು ತುಂಬಿದ್ದಾರೆ. ಸಹಾಯಕಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದಿನ ಬಾವಿಯೊಂದನ್ನು ಹುಡುಕುತ್ತಾರೆ. ಮೂಲದಲ್ಲಿ ಒಂದು ಬೇಸಗೆ ‘ವಾಸನೆ’, ಕೆಳಗೆ ಏಳು ಬೇಸಗೆ ಎರಡೆರಡು ಗೀಟು. ಪ್ರತಿಯಲ್ಲಿ ಆ ಏಳೂ ಬೇಸಗೆ ‘ಸಿಹಿ’.

“ಅಯ್ಯೋ ದೇವರೇ,” ಎನ್ನುತ್ತಾರೆ.

ಮತ್ತೆ ತೆರೆಯಬಹುದೆಂದು ಮೇಡಂ ಹತ್ತು ಗಂಟೆಗೆ ನೀರು ಸರಬರಾಜು ಕಚೇರಿಗೆ ಕಳಿಸಲಿರುವ ಹನ್ನೊಂದು ಬಾವಿಗಳ ಪಟ್ಟಿಯಲ್ಲಿ ಅದೂ ಇದೆ. ಮೇಡಂ ಫೋನ್ ಸ್ವಿಚ್ ಆಫ್. ಮತ್ತೆ ಮತ್ತೆ ಹಚ್ಚಿದರೂ ಅದೇ. ಸಂದೇಶ ಕಳಿಸಿ ಮೇಷ್ಟ್ರಿಗೆ ಹಚ್ಚುತ್ತಾರೆ. ಸುತ್ತಿ ಬಳಸುವುದಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತಾರೆ. ಆ ಕಡೆಯಿಂದ “ಬರ್ತೀನಿ” ಎಂಬ ಒಂದೇ ಮಾತು, ಫೋನ್ ಕಟ್.

“ವಾಪಸ್ ಕೊಡಿ ಅಂತಾರೆ ನೋಡ್ತಿರಿ. ಅವರೊಬ್ರು ತಗೊಂಡ್ರೆ ಆಯ್ತು, ನಾಳೆಯಿಂದ ಒಬ್ರೂ ಕೊಡಲ್ಲ. ಹತ್ತೊಂಬತ್ತು ವರ್ಷ ನೀರಲ್ಲಿ ಹೋಮ.”

ಹೇಳುತ್ತಲೇ ಕೆಲಸಕ್ಕೆ ತೊಡಗುತ್ತಾರೆ. ಪ್ರತಿ ಸಾಲಿಗೂ ಪುಟದ ಸಂಖ್ಯೆ, ಸಾಲಿನ ಸಂಖ್ಯೆ ಇರಲೇಬೇಕೆಂದು ಆಕೆ ಹಟ ಹಿಡಿದಾಗ ಮೇಷ್ಟ್ರ ವಿದ್ಯಾರ್ಥಿಗಳು ಹಿಡಿಶಾಪ ಹಾಕಿದ್ದರು. ಈಗ ಅದೇ ಕೈ ಹಿಡಿಯುತ್ತದೆ. ನಾಲ್ಕು ಸಾವಿರದ ಮುನ್ನೂರ ಹದಿನಾರು ಸಾಲು ಮತ್ತೆ ಮೂಲದ ಕ್ರಮಕ್ಕೆ ಬಂದು ನಿಲ್ಲುತ್ತವೆ. ಸಾವಿರದ ನೂರಿಪ್ಪತ್ತೆಂಟು ಕಡೆ ಗೀಟು. ಪುಟದ ಮೊದಲ ಸಾಲಿನಲ್ಲೇ ಗೀಟಿದ್ದರೆ ಹಿಂದಿನ ಪುಟದ ಸ್ಕ್ಯಾನ್ ಚಿತ್ರ ತೆರೆದು ಕಣ್ಣಾರೆ ನೋಡಿ ತುಂಬುತ್ತಾರೆ. ಫ್ಲಾಸ್ಕಿನ ಚಹಾ ಮುಚ್ಚಳದಲ್ಲೇ ಆರುತ್ತದೆ.

ಎಂಟೂ ಐವತ್ತಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. “ಅಕ್ಕಾ, ಹನ್ನೆರಡು ಮಿಸ್ಡ್ ಕಾಲ್! ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ ಮೇಡಂ. ಆಗ್ಬಾರ್ದು ಅಂತಾನೇ ಮಾಡಿದ್ದು. ಪಟ್ಟಿ ಕಳಿಸ್ಬೇಡಿ.”

ಒಂಬತ್ತೂ ನಲವತ್ತಕ್ಕೆ ಲೆಕ್ಕ ಸಿಗುತ್ತದೆ. ಹನ್ನೊಂದರಲ್ಲಿ ಮೂರು ಬಾವಿ ಪಟ್ಟಿಯಿಂದ ಹೊರಗೆ. ಆಕೆ ಕುರ್ಚಿಗೆ ಒರಗುತ್ತಾರೆ. ನೆಮ್ಮದಿಯೇನಲ್ಲ. ಇನ್ನೆಷ್ಟು ಕಡತದಲ್ಲಿ ಇಂಥದ್ದು ಅಡಗಿ ಕೂತಿದೆಯೋ ಎಂಬ ಹೊಸ ಚಿಂತೆ ಆಗಲೇ ತಲೆ ಹೊಕ್ಕಿದೆ. “ಎರಡು ಸಾವಿರದ ಮುನ್ನೂರೂ ಮತ್ತೆ ನೋಡ್ಬೇಕು. ನಿವೃತ್ತಿಗೆ ಎಂಟು ವರ್ಷ ಇದೆ, ಅಷ್ಟರಲ್ಲಿ ಮುಗಿದ್ರೆ ಸಾಕಪ್ಪ, ಇನ್ನೇನೂ ಬೇಡ.”

ಪ್ರತಿ ಕಡತದ ಕೊನೆಯಲ್ಲಿ ಎಲ್ಲರಿಗೂ ಕಾಣುವ ತಿದ್ದುಪಡಿಯ ಪಟ್ಟಿಯಿರುತ್ತದೆ. ಅದರಲ್ಲಿ ಬರೆಯುತ್ತಾರೆ: ‘ಎರಡು ಗೀಟಿನ ಅರ್ಥ ವಿವರಿಸಲಿಲ್ಲ.’ ಪಕ್ಕದ ಕಾಲಂ, ‘ಯಾರ ತಪ್ಪು?’ ಅಲ್ಲಿ: ‘ನನ್ನದು, ಭಂಡಾರದ ಸಹಾಯಕಿ.’ ಹತ್ತೊಂಬತ್ತು ವರ್ಷದಲ್ಲಿ ಆಕೆಯ ಗುರುತು ಒಂದು ಕಡತದೊಳಗೆ ಬಂದದ್ದು ಇದೇ ಮೊದಲು.

ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ. ಮೇಷ್ಟ್ರು ಬಂದು, ಕೂರಿ ಎಂದರೂ ಕೂರದೆ, ಕನ್ನಡಕ ಏರಿಸಿ ಪರದೆಯ ಮೇಲಿನದನ್ನು ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ.

“ಸರಿ, ಜರುಗಮ್ಮ,” ಎನ್ನುತ್ತಾರೆ ಮೇಷ್ಟ್ರು. ಬಗ್ಗಿ, ಒಂದೇ ಬೆರಳಲ್ಲಿ ಹುಡುಕಿ ಹುಡುಕಿ, ಕೆಳಗಿನ ಸಾಲಿನಲ್ಲಿ ಟೈಪ್ ಮಾಡುತ್ತಾರೆ: ‘ಗೀಟನ್ನು ಬಿಡಿಸಿ ಬರೆಸದೆ ಹಾಗೇ ಕೊಟ್ಟದ್ದು.’ ‘ಯಾರ ತಪ್ಪು?’ ಎಂಬ ಕಾಲಂನಲ್ಲಿ, ಆಕೆಯ ‘ನನ್ನದು’ ಎಂಬುದರ ನೇರ ಕೆಳಗೆ, ಎರಡು ಪುಟ್ಟ ಗೀಟು ಒತ್ತಿ, ಆಕೆಯ ಕಡೆ ತಿರುಗುತ್ತಾರೆ.

ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ನಗು ಈಗ ಹೊರಗೆ ಬರುತ್ತದೆ, ಜೊತೆಗೆ ಕಣ್ಣೀರೂ. ಸೆರಗಲ್ಲಿ ಕಣ್ಣೊರೆಸಿಕೊಂಡು, ಕೀಬೋರ್ಡನ್ನು ಮತ್ತೆ ಅವರ ಕಡೆ ಸರಿಸುತ್ತಾರೆ ಅಂದ್ರೇನಕ್ಕ.

“ಪೂರ್ತಿ ಬರೀರಿ ಮೇಷ್ಟ್ರೇ. ನಾಳೆ ಯಾರಾದ್ರೂ ಇದರ ಸಾಲೂ ಬದಲಾಯಿಸಿದ್ರೆ, ನಿಮ್ಮ ತಪ್ಪು ಹೋಗಿ ಇನ್ಯಾರ ತಲೆ ಮೇಲೋ ಕೂತ್ಕೊಳ್ಳುತ್ತೆ.”