ಅಳಿಯನ ಠಾಣೆಗೆ ಹೋದ ಮರಿಬಸಪ್ಪನವರು

ಯಾವ ಪೊಲೀಸ್ ಠಾಣೆಗೆ ಹೋದರೂ ಮರಿಬಸಪ್ಪನವರು ಮೊದಲು ಕುರ್ಚಿಯ ಕಡೆ ನೋಡುತ್ತಿರಲಿಲ್ಲ. ನೇರ ಲಾಕಪ್ಪಿನ ಕಂಬಿಯ ಮುಂದೆ ನಿಂತು, "ಒಳಗ್ಯಾರ್ರಪ್ಪಾ ಇರದು? ಎಸ್ರೇಳಿ, ಊರೇಳಿ, ಉಂಡ್ರೋ ಇಲ್ವೋ ಏಳಿ" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಒಳಗಿನಿಂದ ಉತ್ತರ ಬಂದ ಮೇಲೆಯೇ ಅಧಿಕಾರಿಗಳಿಗೆ ನಮಸ್ಕಾರ.

ಅವರು ನಮ್ಮ ಕಡೆಯ ಶಾಸಕರು. ಓದಿದ್ದು ನಾಲ್ಕನೇ ಕ್ಲಾಸು. ನಾನು ಕೊಳ್ಳೇಗಾಲದಲ್ಲಿ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದೆ. ನಮ್ಮೂರು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಅಪ್ಪ ಆ ಕಚೇರಿಯಲ್ಲೇ ಗುಮಾಸ್ತರಾಗಿದ್ದರು. ಅವರಿಂದ ನನಗೆ ಇಂಗ್ಲಿಷು, ತಮಿಳು ಎರಡೂ ಬಂದಿದ್ದವು. ಹಾಗಾಗಿ ಮರಿಬಸಪ್ಪನವರ ಕಾಗದಪತ್ರವೆಲ್ಲ ನನ್ನ ಕೈಯಲ್ಲೇ ತಯಾರಾಗುತ್ತಿತ್ತು.

ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಯನ್ನು ಅವರು ಹೇಳಿ ಬರೆಸುವ ರೀತಿಯೇ ಬೇರೆ. ನಾನು ಬರೆದದ್ದನ್ನು ಓದುತ್ತಿದ್ದೆ, ಅವರು ಬೆಂಚಿನ ಮೇಲೆ ಕೂತು ತಾವೇ ಮಂತ್ರಿಗಳಾಗಿ ಉತ್ತರ ಕೊಡುತ್ತಿದ್ದರು. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದು ಗಂಟಲು ಸರಿಮಾಡಿಕೊಂಡು ಹೇಳಿ, ತಕ್ಷಣ ತಮ್ಮ ದನಿಗೆ ಬಂದು, "ನೋಡ್ದಾ? ಅಲ್ ನುಸ್ಕಂಡ್ಬುಟ್ಟ. ಆ ಕಂಡಿ ಮುಚ್ಚು ಕಣವ್ವಾ" ಎನ್ನುತ್ತಿದ್ದರು. ಮಂತ್ರಿಗಳು ನುಸುಳಿಕೊಳ್ಳಲು ಜಾಗವಿಲ್ಲದಂತೆ ಒಂದು ಪ್ರಶ್ನೆಗೆ ಐದಾರು ಸಲ ಕಂಡಿ ಮುಚ್ಚಬೇಕಾಗುತ್ತಿತ್ತು.

ಒಮ್ಮೆ ಅಗರದ ಹೆಂಗಸೊಬ್ಬಳ ದೂರನ್ನು ಠಾಣೆಯಲ್ಲಿ ಬರೆದುಕೊಳ್ಳಲಿಲ್ಲ. ಇವರು ಹೋಗಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಸಾ, ಕುರ್ಚಿ ತರ್ಸ್ತೀನಿ" ಎಂದ ದಫೇದಾರನಿಗೆ, "ಕುರ್ಚಿ ಬ್ಯಾಡ, ಪೆನ್ನು ತರ್ಸು" ಎಂದರಂತೆ. ಮಧ್ಯಾಹ್ನದ ಹೊತ್ತಿಗೆ ದೂರು ದಾಖಲಾಯಿತು.

ಇಂಥ ಮನುಷ್ಯನ ಬಳಿಗೆ ಕೌದಳ್ಳಿಯ ಈರಮ್ಮ ಬಂದಳು. ಗಂಡ ಚಿಕ್ಕಮಾದನನ್ನು ಹನೂರಿನ ಸಂತೆಯಿಂದ ಪೊಲೀಸರು ಹಿಡಿದುಕೊಂಡು ಹೋಗಿ ಒಂಬತ್ತು ದಿನವಾಗಿತ್ತು. ಯಾರದೋ ಜೋಡಿ ಎತ್ತು ಕದ್ದ ಎಂಬ ಅನುಮಾನ. "ಬುದ್ಧೀ, ಅವ ಎತ್ತೂ ಕದ್ದಿಲ್ಲ, ಮನ್ಗೂ ಬಂದಿಲ್ಲ" ಎಂದು ಇನ್‌ಸ್ಟಿಟ್ಯೂಟಿನ ಬಾಗಿಲಲ್ಲೇ ಕುಸಿದಳು.

ಅವನನ್ನು ಒಯ್ದ ಠಾಣೆಯ ಹೆಸರು ನಾನು ಬರೆಯುವುದಿಲ್ಲ. ಅಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವನು ಶಿವಮೂರ್ತಿ, ಮರಿಬಸಪ್ಪನವರ ಅಕ್ಕನ ಮಗ. ಅವರ ಮನೆಯಲ್ಲೇ ಬೆಳೆದು, ಅವರ ಒಬ್ಬಳೇ ಮಗಳು ಗೌರಮ್ಮನನ್ನು ಮದುವೆಯಾದವನು. ಅವನನ್ನು ಈ ಕಡೆಗೆ ಹಾಕಿಸಿಕೊಡಿ ಎಂದು ಇವರು ಕೊಟ್ಟ ಶಿಫಾರಸು ಪತ್ರವನ್ನು ನಾನೇ ಟೈಪು ಮಾಡಿದ್ದೆ.

ಹಾಗಾಗಿ ಆ ಒಂದು ಸಲ ಅವರು ಠಾಣೆಗೆ ಹೋಗಲಿಲ್ಲ. ಅಳಿಯ ಊಟಕ್ಕೆ ಬಂದಾಗ ಕೇಳಿದರು. "ಅವತ್ತೇ ವಿಚಾರ್ಸಿ ಬುಟ್ಟು ಕಳಿಸ್ದೆ ಮಾವ. ತಮಿಳುನಾಡಿನ ಕಡೆ ಓಗಿರ್ಬೇಕು" ಎಂದನಂತೆ ಅವನು. ಇವರು ನಂಬಿದರು. ಆದರೆ ಈರಮ್ಮ ಮತ್ತೆ ಮತ್ತೆ ಬಂದು ಕೂರುತ್ತಿದ್ದಳು. ಅವಳ ಸಮಾಧಾನಕ್ಕೆಂದು ಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರು. ಆ ಪ್ರಶ್ನೆಯ ಕಂಡಿಗಳನ್ನು ನಾವು ಮುಚ್ಚಲೇ ಇಲ್ಲ.

ಲಿಖಿತ ಉತ್ತರ ಬಂದ ದಿನ ಬೆಳಿಗ್ಗೆ ಅವರು ಅದನ್ನು ಹಿಡಿದುಕೊಂಡು ನನ್ನ ಬಳಿ ಬಂದರು. ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಹೇಳಿದೆ: "ಆ ಹೆಸರಿನ ವ್ಯಕ್ತಿಯನ್ನು ಯಾವ ದಿನವೂ ಠಾಣೆಗೆ ಕರೆತಂದಿಲ್ಲ."

"ಇನ್ನೊಂದ್ಸಲ ಓದು."

ಓದಿದೆ.

ಆಮೇಲೆ ಅವರು ನನ್ನನ್ನಲ್ಲ, ಗೋಡೆಯನ್ನು ಕೇಳುವಂತೆ ಕೇಳಿದರು. "ಕರ್ಕಂಡೇ ಬರ್ದೆ ಇದ್ದೋನ್ನ ಬುಟ್ಟು ಕಳ್ಸದು ಎಂಗವ್ವಾ?"

ಸರ್ಕಾರ ಹೇಳಿದ್ದೂ ಅಳಿಯ ಹೇಳಿದ್ದೂ ಎರಡೂ ನಿಜವಾಗಿರಲು ಸಾಧ್ಯವಿರಲಿಲ್ಲ.

ಆಗಲೇ ಬಸ್ಸು ಹತ್ತಿದೆವು. ಬರೆದುಕೊಳ್ಳಲು ಒಬ್ಬರು ಬೇಕು ಎಂದು ನನ್ನನ್ನೂ ಕರೆದರು. ಠಾಣೆಯಲ್ಲಿ ಶಿವಮೂರ್ತಿ ಇರಲಿಲ್ಲ. ಮರಿಬಸಪ್ಪನವರು ಲಾಕಪ್ಪಿನ ಮುಂದೆ ನಿಂತು ಎಂದಿನಂತೆ ಕೂಗಿದರು. ಒಳಗೆ ಯಾರೂ ಇರಲಿಲ್ಲ. ಆದರೂ ಎರಡನೇ ಸಲ ಕೂಗಿದರು: "ಚಿಕ್ಕಮಾದಾ!"

ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಕಾನ್‌ಸ್ಟೇಬಲ್ ಎದ್ದು ನಿಂತ. ಟೋಪಿ ತೆಗೆದ.

"ಒಡ್ತ ತಡೀಲಾರ್ದೆ ಮೂರ್ನೇ ದಿಸ ಬೆಳಗ್ಗೆ ಓಗ್ಬುಟ್ಟ ಸಾ. ನೀರ್ ಕೇಳ್ದ, ನಾನು ತರೋದ್ರೊಳ್ಗೆ... ಕಾಡಂಚ್ನಲ್ಲಿ ಊತವ್ರೆ. ಜಾಗ ನಾನು ತೋರಿಸ್ತೀನಿ."

ಅವನು ಹೇಳಿದಷ್ಟನ್ನೂ ನಾನು ಬರೆದುಕೊಂಡೆ. ಅಷ್ಟರಲ್ಲಿ ಜೀಪು ಬಂತು. ಒಳಗೆ ಬಂದ ಶಿವಮೂರ್ತಿ ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡ.

"ಮಾವ, ಮನೇಲಿ ಮಾತಾಡಣ ಬನ್ನಿ."

"ಮನೇಲಿ ಕೇಳ್ದೆ ಕಣ್ಲಾ. ಮನೇಲಿ ಸುಳ್ಳೇಳ್ದೆ. ಈಗ ಇಲ್ಲೇಳು."

ಅವನು ತಲೆ ತಗ್ಗಿಸಲಿಲ್ಲ. "ಗೌರಿ ಬಸ್ರಿ, ನಿಮ್ಗೆ ಗೊತ್ತಲ್ವಾ" ಎಂದ, ಅಷ್ಟೆ. ಮಗಳ ಬಸಿರನ್ನೇ ಅಡ್ಡ ಹಿಡಿದ ಆ ಮಾತು ಕೇಳಿದಾಗ ನನಗೆ ಸಾವಿನ ಸುದ್ದಿಗಿಂತ ಹೆಚ್ಚು ಭಯವಾಯಿತು.

ಮರುದಿನ ಮರಿಬಸಪ್ಪನವರು ವಿಧಾನಸಭೆಗೆಂದು ಬರೆಸಿದ ಹೇಳಿಕೆಯಲ್ಲಿ, ಈ ಅಧಿಕಾರಿ ನನ್ನ ಅಳಿಯ, ನನ್ನ ಶಿಫಾರಸಿನಿಂದಲೇ ಇಲ್ಲಿಗೆ ಬಂದವನು ಎಂಬ ಸಾಲನ್ನು ಮೊದಲಿಗೇ ಹಾಕಿಸಿದರು. "ಯಜಮಾನ್ರೇ, ಇದು ಬೇಕಾ?" ಎಂದೆ. "ನಾನ್ ನುಸ್ಕಳೋ ಕಂಡೀನ ನಾನೇ ಬುಟ್ಕಂಡ್ರೆ ಇನ್ನೊಬ್ಬುರ್ನ ಏನಂತ ಕೇಳ್ಲಿ? ಒಡಿ" ಎಂದರು. ನಾನು ಹಳೆಯ ಪತ್ರ ಟೈಪು ಮಾಡಿದ ಅದೇ ಯಂತ್ರದಲ್ಲಿ ಅದನ್ನೂ ಹೊಡೆದೆ.

ಅವರು ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿದರಂತೆ. ಪಕ್ಕದ ಸದಸ್ಯರೊಬ್ಬರು ಪಂಚೆ ಹಿಡಿದು ಎಳೆದು ಕೂರಿಸಲು ನೋಡಿದರಂತೆ. ಇವರು ಕೂರಲಿಲ್ಲ. ತಪ್ಪು ಉತ್ತರ ಬರೆದುಕೊಟ್ಟವರು ಯಾರೆಂದು ಮಂತ್ರಿಗಳು ಹೇಳುವವರೆಗೆ ನಿಂತೇ ಇದ್ದರು.

ಕಾನ್‌ಸ್ಟೇಬಲ್ ತೋರಿಸಿದ ಜಾಗದಲ್ಲಿ ಅಗೆದರು. ಈರಮ್ಮ ಗಂಡನ ಉಡಿದಾರ ನೋಡಿ ಗುರುತು ಹೇಳಿದಳು. ಕಳುವಾಗಿವೆ ಎಂದಿದ್ದ ಎತ್ತುಗಳು ಎಂದೋ ಕಾಡಿನಿಂದ ತಾವೇ ಕೊಟ್ಟಿಗೆಗೆ ಬಂದಿದ್ದವು. ಅವುಗಳ ಯಜಮಾನ ಹೆದರಿ ಬಾಯಿ ಬಿಟ್ಟಿರಲಿಲ್ಲ. ಆ ಸುದ್ದಿ ಕೇಳಿದ ಮೇಲೆ ಮರಿಬಸಪ್ಪನವರು ಎರಡು ದಿನ ಅನ್ನ ಮುಟ್ಟಲಿಲ್ಲ.

ಶಿವಮೂರ್ತಿಗೆ ಶಿಕ್ಷೆಯಾಯಿತು. ಗೌರಮ್ಮ ಯಳಂದೂರಿನಲ್ಲಿ ಗಂಡನ ಚಿಕ್ಕಪ್ಪನ ಮನೆ ಸೇರಿದಳು. ಹೆರಿಗೆಗೂ ತವರಿಗೆ ಬರಲಿಲ್ಲ. ಮೊಮ್ಮಗನನ್ನು ನೋಡಲು ಹೋದ ತಂದೆಗೆ ಬಾಗಿಲು ತೆಗೆಯಲಿಲ್ಲ. ಮುಂದಿನ ಚುನಾವಣೆಯಲ್ಲಿ, "ಸ್ವಂತ ಅಳಿಯನ್ನೇ ಜೈಲ್ಗಾಕ್ಸ್ದೋನು ನಮ್ಗೇನ್ ಮಾಡಾನು?" ಎಂದು ಅವರ ಜನವೇ ಕೇಳಿದರು. ಸೋತರು.

ಕೊನೆಯ ಸಲ ಅವರು ನನ್ನಲ್ಲಿಗೆ ಬಂದಾಗ ಬಹಳ ಇಳಿದುಹೋಗಿದ್ದರು. ಮೆಟ್ಟಿಲು ಹತ್ತಲು ಕೈಹಿಡಿಯಬೇಕಾಯಿತು. ಜೈಲಿನಲ್ಲಿ ಒಬ್ಬನಿಗೆ ರಕ್ತ ಬೀಳುವಷ್ಟು ಕೆಮ್ಮು, ಆಸ್ಪತ್ರೆಗೆ ಕಳಿಸುತ್ತಿಲ್ಲ, ಸರ್ಕಾರಕ್ಕೆ ಒಂದು ಅರ್ಜಿ ಹಾಕಬೇಕು ಎಂದರು. ಹೆಸರು ಕೇಳಿದೆ.

"ಶಿವಮೂರ್ತಿ."

ನಾನು ಕೇಳಿದೆ: "'ನನ್ನ ಅಳಿಯ' ಅಂತ ಬರೀಲಾ?"

"ಬ್ಯಾಡ. ಖೈದಿ ಅಂತ ಬರಿ. ಖೈದಿಗೆ ಏನ್ ಸಿಕ್ಬೇಕೋ ಅದು ಸಿಕ್ಲಿ."

ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಕೊಂಡರು. ಮಣ್ಣು ಮಾಡುವಾಗಲೂ ಗೌರಮ್ಮ ಬರಲಿಲ್ಲ.

ಅರ್ಜಿಗೆ ಉತ್ತರ ನನ್ನ ವಿಳಾಸಕ್ಕೆ ಬಂತು. ಖೈದಿಯನ್ನು ಆಸ್ಪತ್ರೆಗೆ ಸೇರಿಸಲಾಗಿದೆ ಎಂದಿತ್ತು. ಅದನ್ನು ತೆಗೆದುಕೊಂಡು ಯಳಂದೂರಿಗೆ ಹೋದೆ. ಗೌರಮ್ಮ ಬಾಗಿಲನ್ನು ಅರ್ಧ ತೆರೆದು ನಿಂತಳು. ನಾನು ಯಾರೆಂದು ಹೇಳಿ, ಕಾಗದದಲ್ಲಿದ್ದದ್ದನ್ನು ತಿಳಿಸಿದೆ.

"ಅರ್ಜಿ ಯಾರ್ ಆಕಿದ್ದು?"

"ನಿಮ್ಮಪ್ಪ."

ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗೆ ಮಗು ಕರೆಯುತ್ತಿತ್ತು. ಆಮೇಲೆ ಪಕ್ಕಕ್ಕೆ ಸರಿದು ಬಾಗಿಲನ್ನು ಪೂರ್ತಿ ತೆರೆದಳು.

"ಒಳೀಕ್ ಬನ್ನಿ. ಅರ್ಜಿ ಬರ್ಸ್ವಾಗ ಅಪ್ಪ ಎಂಗಿದ್ರು? ಏಳಿ."