ಮಗನಷ್ಟು ಭಾರ

ಬೆಂಗೇರಿಯ ಆ ಜಿಮ್ಮಿನ ಶಟರು ಬೆಳಗಿನ ಐದಕ್ಕೆ ಅರ್ಧ ಮಾತ್ರ ಮೇಲೇರುತ್ತದೆ. ಬಗ್ಗಿ ಒಳಗೆ ಹೋದರೆ ಫಿನಾಯಿಲ್ ವಾಸನೆ, ಒದ್ದೆ ನೆಲ, ಒಂದೇ ಒಂದು ಟ್ಯೂಬ್‌ಲೈಟು. ನೆಲ ಒರೆಸಿ ಮುಗಿಸಿದ ಶರಣವ್ವ ಬಕೀಟನ್ನು ಮೂಲೆಗೆ ಸರಿಸಿ ಸೀರೆಯನ್ನು ಮೇಲಕ್ಕೆತ್ತಿ ಕಚ್ಚೆ ಕಟ್ಟಿಕೊಳ್ಳುತ್ತಾರೆ. ಕೊರಳಿನ ತಾಳಿಯನ್ನು ಹೆಗಲ ಮೇಲಿಂದ ಬೆನ್ನಿಗೆ ಹಾಕಿಕೊಳ್ಳುತ್ತಾರೆ. ಮೊಣಕಾಲು ಮಡಚಿ ಕೂತು, ಎರಡೂ ತುದಿಗೆ ಕಬ್ಬಿಣದ ಪ್ಲೇಟು ಹಾಕಿದ ರಾಡನ್ನು ಹಿಡಿದು, ತುಟಿ ಬಿಗಿದು ಮೇಲೆದ್ದು ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಹಾಗೇ ನಿಂತು ಸದ್ದಾಗದಂತೆ ಕೆಳಗಿಳಿಸುತ್ತಾರೆ.

ಜಿಮ್ಮಿನಲ್ಲಿ ಹಾಡಿಲ್ಲ. ಬೇರೆ ಹೊತ್ತಿನಲ್ಲಿ ರಸ್ತೆಗೆಲ್ಲ ಕೇಳುವಂತೆ ಹಾಡು ಹಚ್ಚುವ ಮಾಲೀಕ ಶಹಬಾಜ ಈ ಒಂದು ತಾಸು ಅದರ ತಂಟೆಗೆ ಹೋಗುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಶರಣವ್ವನ ಮೊಬೈಲು ಇದೆ. ಸ್ಪೀಕರ್ ಹಚ್ಚಿದೆ. ಅದರೊಳಗಿಂದ ಯಾರೋ ನಿದ್ದೆಯಲ್ಲಿ ಉಸಿರಾಡುವ ಸದ್ದು ಬರುತ್ತಿದೆ.

"ನಮ್ಮ ಶಿವಯೋಗೀಶ್ರಿ, ಮಗಾ," ಎನ್ನುತ್ತಾರೆ ಶರಣವ್ವ, ಹಣೆಯ ಬೆವರು ಒರೆಸಿಕೊಂಡು. "ಎರಡ ಓಣಿ ದಾಟಿದ್ರ ಮನಿ. ಅವನ ತಲಿದಿಂಬಿನ ಬಾಜೂಕ ಇನ್ನೊಂದು ಫೋನ್ ಇಟ್ಟು, ಕಾಲ್ ಹಚ್ಚಿ ಬಂದಿರ್ತೇನಿ. ಕೆಮ್ಮಿದ್ರ ನನಗ ಕೇಳಬೇಕಲ್ರಿ. ಅಂವಗ ತಾನಾಗಿ ಹೊಳ್ಳಿ ಮಲಗಾಕ ಬರಂಗಿಲ್ಲ."

ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದು ಬೇರೊಂದು ಲೇಖನಕ್ಕೆ. ಮಕ್ಕಳೊಂದಿಗರಾದ ತಾಯಂದಿರು ದಿನದ ಗಡಿಬಿಡಿಯಲ್ಲಿ ಅಂದಚೆಂದಕ್ಕೂ ವ್ಯಾಯಾಮಕ್ಕೂ ಹೇಗೆ ಹೊತ್ತು ಹೊಂದಿಸಿಕೊಳ್ಳಬೇಕು ಎಂಬುದು ವಿಷಯ. ನಮ್ಮಂಥ ಪುರವಣಿಯವರು ಇದನ್ನು ಆಗಾಗ ಬೆಚ್ಚಗೆ ಮಾಡಿ ಬಡಿಸುತ್ತಲೇ ಇರುತ್ತೇವೆ. ಹಲ್ಲುಜ್ಜುವಾಗ ಹಿಮ್ಮಡಿ ಎತ್ತಿ ನಿಲ್ಲಿ, ಕುಕ್ಕರು ಸೀಟಿ ಹೊಡೆಯುವಷ್ಟರಲ್ಲಿ ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಳ್ಳಿ, ಡಂಬೆಲ್ಸ್ ಇಲ್ಲದಿದ್ದರೆ ಮಗುವನ್ನೇ ಎತ್ತಿ ಇಳಿಸಿ, ತೋಳಿಗೆ ಒಳ್ಳೆಯದು. ನಿಮ್ಮಲ್ಲಿಗೆ ತಾಯಂದಿರು ಯಾರಾದರೂ ಬರುತ್ತಾರೆಯೇ ಎಂದು ಕೇಳಿದ್ದಕ್ಕೆ ಶಹಬಾಜ ಸ್ವಲ್ಪ ಯೋಚಿಸಿ, "ಒಬ್ರು ಬರ್ತಾರ್ರಿ. ಕಸಾ ಹೊಡಿಯಾಕ," ಎಂದಿದ್ದ.

ಶರಣವ್ವ ಎತ್ತಿ ಇಳಿಸುವ ಮಗುವಿಗೆ ಈಗ ಹತ್ತೊಂಬತ್ತು ವರ್ಷ. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಅವನದು. ಸಾಲಿಗೆ ಹೋಗುವಾಗ ಸುಮ್ಮಸುಮ್ಮನೆ ಮುಗ್ಗರಿಸುತ್ತಿದ್ದ, ನೆಲದಿಂದ ಏಳಬೇಕಾದರೆ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಹತ್ತುತ್ತಿದ್ದ. ಆರನೆಯ ತರಗತಿಗೆ ಬರುವಷ್ಟರಲ್ಲಿ ನಡಿಗೆ ನಿಂತಿತು. ಈಗ ಕಾಲುಗಳು ಸಂಪೂರ್ಣ ಸೋತಿವೆ, ಕೈಯಲ್ಲಿ ಬೆರಳುಗಳು ಮಾತ್ರ ಅವನ ಮಾತು ಕೇಳುತ್ತವೆ. ತಲೆ ಮಾತ್ರ ಚುರುಕು. ಪಿಯುಸಿಯನ್ನು ಮನೆಯಲ್ಲೇ ಓದಿ ಪಾಸು ಮಾಡಿದ್ದಾನೆ, ಕ್ರಿಕೆಟ್ಟಿನ ಲೆಕ್ಕಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿವೆ.

"ಇದು ತಾಯಿ ಕಡಿಂದ ಬರೋ ಬ್ಯಾನಿ ಅಂತ ಡಾಕ್ಟರು ಹೇಳಿದ್ರು," ಎನ್ನುತ್ತಾರೆ ಶರಣವ್ವ. "ನನ್ನಿಂದ ಬಂದದ್ದು, ನಾನ ಹೊರಬೇಕಲ್ರಿ." ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದೂ ಆ ಡಾಕ್ಟರು ಹೇಳಿದ್ದರಂತೆ. ಆ ಮಾತು ಶರಣವ್ವನಿಗೆ ನೆನಪಿದೆ, ಆದರೆ ಅದು ಮನಸ್ಸಿಗೆ ಇಳಿದಿಲ್ಲ.

ಮೊದಲು ಮಗನನ್ನು ಎತ್ತುತ್ತಿದ್ದವರು ಗಂಡ ದ್ಯಾಮಣ್ಣ. ಕಾಳಿನ ಪೇಟೆಯಲ್ಲಿ ಹಮಾಲರಾಗಿದ್ದ ಅವರಿಗೆ ಭಾರವೆಂದರೆ ಲೆಕ್ಕಕ್ಕೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಬೆನ್ನು ಹೋಯಿತು. ಈಗ ಲಕಮನಹಳ್ಳಿಯ ಒಂದು ಗೋದಾಮಿನಲ್ಲಿ ರಾತ್ರಿ ಕಾವಲು ಕಾದು ಬೆಳಗಿನ ಎಂಟರ ಸುಮಾರಿಗೆ ಮನೆಗೆ ಬರುತ್ತಾರೆ. "ಚೀಲಕ್ಕಾದ್ರ ಹುಕ್ಕ ಹಾಕಿ ಎತ್ತತಿದ್ವಿ. ಮಗಗ ಎಲ್ಲಿ ಹಿಡೀಬೇಕ್ರಿ? ಎಲ್ಲಿ ಹಿಡಿದ್ರೂ ನೋಯ್ತೈತಿ ಅಂವಗ," ಎನ್ನುತ್ತಾರೆ ದ್ಯಾಮಣ್ಣ. ಹೆಂಡತಿ ಮಗನನ್ನು ಎತ್ತುವಾಗ ಅವರು ಎದ್ದು ಒಲೆಯ ಕಡೆ ಹೋಗಿ ಚಹಾಕ್ಕೆ ಇಡುತ್ತಾರೆ.

ಗಂಡನ ಬೆನ್ನು ಹೋದ ಮೇಲೆ ಕೆಲಸ ಶರಣವ್ವನ ಪಾಲಿಗೆ ಬಂತು. ತವರೂರು ಮುಗದದ ಹೊಲಗಳಲ್ಲಿ ಭತ್ತದ ಹೊರೆ ಹೊತ್ತು ಬೆಳೆದವರು, ಇದೇನು ಮಹಾ ಎಂದುಕೊಂಡಿದ್ದರು. ಒಂದು ದಿನ ಬಚ್ಚಲಿನಿಂದ ಮಗನನ್ನು ಎತ್ತಿಕೊಂಡು ಬರುವಾಗ ಅವರ ಜಡೆ ಹೆಗಲಿನಿಂದ ಜಾರಿ ಅವನ ಮೊಣಕೈಯ ಅಡಿಗೆ ಸಿಕ್ಕಿಕೊಂಡಿತು. ಕೈ ಸರಿಸಿಕೊಳ್ಳುವಷ್ಟು ತ್ರಾಣ ಅವನಲ್ಲಿಲ್ಲ. ತಲೆ ಜಗ್ಗಿದಂತಾಗಿ ಶರಣವ್ವನ ಕಾಲು ಜಾರಿತು, ಇಬ್ಬರೂ ಒದ್ದೆ ಕಲ್ಲಿನ ಮೇಲೆ ಬಿದ್ದರು. ಮಗನ ತೊಡೆಯ ಮೂಳೆ ಮುರಿಯಿತು.

ಸೊಂಟದವರೆಗಿದ್ದ ಆ ಜಡೆಯನ್ನು ಮರುದಿನ ಅವರೇ ಕತ್ತರಿಸಿದರು. ಈಗ ಕೂದಲು ಕಿವಿಯ ಕೆಳಗೆ ಇಳಿಯುವುದಿಲ್ಲ. ಓಣಿಯವರು ಇದನ್ನು ಹರಕೆ ಎಂದೇ ತಿಳಿದರು. "ಯಾವ ದೇವರಿಗೆ ಮುಡಿ ಕೊಟ್ರಿ ಅಂತ ಕೇಳಾಕತ್ರು. ಮನಿ ದೇವರಿಗೆ ಅಂದುಬಿಟ್ಟೆ. ಸುಳ್ಳೇನಲ್ಲ ಬಿಡ್ರಿ," ಎಂದು ನಗುತ್ತಾರೆ.

ಜಡೆಯ ಹಿಂದೆ ಬಳೆಗಳೂ ಹೋದವು. ಎತ್ತುವಾಗ ಒಡೆದು ಮಗನ ಬೆನ್ನಿಗೆ ಚುಚ್ಚುತ್ತಿದ್ದವು. ಊರಿನಿಂದ ಬಂದ ಅತ್ತೆ ಬರಿಗೈ ನೋಡಿ, ಗಂಡ ಇದ್ದಾಕಿ ಹಿಂಗ ಇರಬಾರದು ಎಂದು ಎರಡು ದಿನ ಊಟ ಬಿಟ್ಟು ಕೂತಿದ್ದರಂತೆ. ಮೂರನೆಯ ದಿನ ಸೊಸೆ ಮೊಮ್ಮಗನನ್ನು ಎತ್ತುವುದನ್ನು ನೋಡಿದವರೇ ತಾವಾಗಿ ಬಂದು ಊಟಕ್ಕೆ ಕೂತರು. ಹೆಂಗಸಿನ ಮೈಮೇಲೆ ಏನಿರಬೇಕು, ಏನಿರಬಾರದು ಎಂದು ಹೇಳುವುದಕ್ಕೆ ಊರಲ್ಲಿ ಯಾವತ್ತೂ ಮಂದಿಗೆ ಬರವಿಲ್ಲ. ಎತ್ತುವುದಕ್ಕೆ ಮಾತ್ರ ಯಾರೂ ಬರಲಿಲ್ಲ.

ಮಗನ ಮೂಳೆ ಕೂಡುತ್ತಿದ್ದ ದಿನಗಳಲ್ಲೇ ಶರಣವ್ವ ಒಂದು ಬೆಳಿಗ್ಗೆ ಜಿಮ್ಮಿನ ನೆಲ ಒರೆಸಿ, ಯಾರೂ ಇಲ್ಲವೆಂದು ರಾಡಿಗೆ ಕೈ ಹಾಕಿದ್ದರು. ಹಿಂದೆ ನಿಂತಿದ್ದ ಶಹಬಾಜ ಗಾಬರಿಯಾದ. "ಬೆನ್ನ ಬಗ್ಗಿಸಿ ಎತ್ತಾಕತ್ತಿದ್ರು. ಅಕ್ಕಾ, ಹಂಗ ಮಾಡಬ್ಯಾಡ್ರಿ, ನಿಮ್ಮ ಬೆನ್ನೂ ಹೋಗ್ತೈತಿ ಅಂದೆ. ಹಂಗಾರ ಹೆಂಗ ಎತ್ತಬೇಕು ಹೇಳಿಕೊಡು ತಮ್ಮಾ ಅಂದ್ರು. ಯಾಕ ಅಂತ ಕೇಳಿದ್ಮ್ಯಾಲ ಅಲ್ಲೇ ಕುಂತು ಅತ್ತುಬಿಟ್ರು," ಎಂದು ನೆನೆಯುತ್ತಾನೆ ಆತ. ಬರೀ ರಾಡಿನಿಂದ ಶುರುವಾಯಿತು. ತಿಂಗಳಿಗೊಮ್ಮೆ ಮಗನನ್ನು ತೂಗಿ, ಆ ತೂಕವನ್ನು ಶಹಬಾಜನಿಗೆ ಹೇಳುವುದು. ಅಷ್ಟಕ್ಕೆ ಸರಿಯಾಗಿ ಆತ ಪ್ಲೇಟು ಹಾಕುವುದು. ಮಗ ಬೆಳೆದಂತೆ ರಾಡು ಬೆಳೆಯಿತು. ಈಗ ಅದು ಐವತ್ತೆರಡು ಕಿಲೋಕ್ಕೆ ಬಂದು ನಿಂತಿದೆ. "ಗಣಪತಿ ಹಬ್ಬದಿಂದ ಅಷ್ಟ ಐತ್ರಿ. ಒಂದ ಪ್ಲೇಟ ಹೆಚ್ಚಿಲ್ಲ, ಕಡಿಮಿಲ್ಲ," ಎನ್ನುತ್ತಾನೆ ಶಹಬಾಜ.

ರಾಡು ಎತ್ತುವಾಗ ಶರಣವ್ವ ಕ್ಯಾನ್ವಾಸ್ ಬೂಟು ಹಾಕುತ್ತಾರೆ. ಬಿಳಿ ಬಣ್ಣದ್ದು, ಸಾಲಿ ಮಕ್ಕಳು ಹಾಕುವಂಥದ್ದು. ವರ್ಷಗಳಾದರೂ ಅಡಿ ಇನ್ನೂ ಹೊಸದರಂತಿದೆ. "ಅವಂದ್ರಿ. ದೊಡ್ಡ ಆದ ಮ್ಯಾಲೂ ಬರ್ಲಿ ಅಂತ ಒಂದ ಅಳತಿ ಹೆಚ್ಚಿಂದ ತಂದಿದ್ದೆ. ಅಷ್ಟ್ರಾಗ ನಡಿಯೋದು ನಿಂತು. ನನಗ ಸರಿ ಆತು," ಎಂದು ಲೇಸು ಬಿಚ್ಚಿ, ಬೂಟನ್ನು ಚೀಲದಲ್ಲಿ ಹಾಕಿಕೊಂಡು, ಫೋನು ಕಿವಿಗೆ ಹಿಡಿದು ಮನೆಯ ಕಡೆ ಸರಸರನೆ ನಡೆಯುತ್ತಾರೆ.

ಮುಂದಿನ ಹೊತ್ತು ಇಡೀ ಮಗನದು. ಹಾಸಿಗೆಯಿಂದ ಗಾಲಿ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾಗಿಲ ಬಿಸಿಲಿಗೆ. ಎತ್ತುವ ಮೊದಲು ಪ್ರತಿ ಸಲವೂ ತಾಳಿ ಬೆನ್ನಿಗೆ ಹೋಗುತ್ತದೆ, ಮೊಣಕಾಲು ಮಡಚುತ್ತವೆ. ನಡುನಡುವೆ ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಾರೆ. ದಿನಕ್ಕೆ ನೂರರ ಮೇಲೆ ರೊಟ್ಟಿ. ರಾತ್ರಿ ಅವನಿಗೆ ಮಗ್ಗುಲು ಬದಲಿಸಬೇಕಾದಾಗಲೆಲ್ಲ ಏಳುತ್ತಾರೆ. ಒಂದೇ ಸಮನೆ ನಿದ್ದೆ ಮಾಡಿದ್ದು ಯಾವಾಗ ಎಂದು ಕೇಳಿದರೆ ನೆನಪಾಗದೆ ದ್ಯಾಮಣ್ಣನ ಮುಖ ನೋಡುತ್ತಾರೆ.

ಬಿಸಿಲಿಗೆ ಕೂರಿಸಿದ ಮೇಲೆ ತಾಯಿ ಮಗನ ಸಿಂಗಾರ ನಡೆಯುತ್ತದೆ. ಮೊದಲು ಅವನದು. ಶರಣವ್ವ ಅವನ ಗಲ್ಲ ಬೋಳಿಸುತ್ತಾರೆ. ಮೀಸೆಗೆ ಕತ್ತಿ ತಾಗಬಾರದೆಂದು ಅವನ ಕಟ್ಟಪ್ಪಣೆ. ತೊಡೆಯ ಮೇಲಿನ ದಿಂಬಿಗೆ ಆನಿಸಿದ ಪುಟ್ಟ ಕನ್ನಡಿಯಲ್ಲಿ ಅವನು ಎಡಕ್ಕೂ ಬಲಕ್ಕೂ ನೋಡಿಕೊಳ್ಳುತ್ತಾನೆ. ಆಮೇಲೆ ತಾಯಿಯ ಸರದಿ. ಅವರು ಅವನ ಬೆರಳುಗಳ ನಡುವೆ ಬಾಚಣಿಗೆ ಸಿಕ್ಕಿಸಿ, ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಅವನ ತೊಡೆಯ ಮೇಲೆ ತಲೆ ಬಗ್ಗಿಸುತ್ತಾರೆ. ಬಾಚಣಿಗೆ ಹೆಚ್ಚು ಅಲುಗುವುದಿಲ್ಲ. ಅದರ ಕೆಳಗೆ ಶರಣವ್ವನ ತಲೆಯೇ ಮೆಲ್ಲಗೆ ಆಚೀಚೆ ಅಲುಗುತ್ತದೆ.

"ಅವ್ವಾ, ಬೈತಲಿ ಸೊಟ್ಟ ಆತು. ಸರಿ ಕುಂದ್ರು," ಎನ್ನುತ್ತಾನೆ ಶಿವಯೋಗೀಶ. ನನ್ನ ಕಡೆ ತಿರುಗಿ, "ಬಿಟ್ರ ಹಿಂಗ ಓಣ್ಯಾಗ ಅಡ್ಡಾಡ್ತಾಳ್ರಿ, ತಲಿ ಕೆದರಿಕೊಂಡು. ನಾ ಅದೇನಿ ಅಂತ ಹೇಳಿ ನಡೀತೈತಿ," ಎಂದು ದೂರುತ್ತಾನೆ. ಆ ಮಾತಿಗೆ ಮೂವರೂ ನಗುತ್ತೇವೆ. ಕುಂಕುಮ ನೆಟ್ಟಗಿದೆ ಎಂದು ಅವನು ಒಪ್ಪುವವರೆಗೆ ಶರಣವ್ವ ಏಳುವುದಿಲ್ಲ.

ನಾನು ಹೋದ ಎರಡನೆಯ ದಿನ ತಿಂಗಳ ಮೊದಲ ತಾರೀಖು, ಮಗನ ತೂಕ ನೋಡುವ ದಿನ. ಶಹಬಾಜ ಕೊಟ್ಟ ಹಳೆಯ ತೂಕದ ಯಂತ್ರವನ್ನು ದ್ಯಾಮಣ್ಣ ನೆಲದ ಮೇಲಿಡುತ್ತಾರೆ. ಶರಣವ್ವ ಮಗನನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲುತ್ತಾರೆ. ತೋಳಿನಲ್ಲಿ ಅವನಿರುವುದರಿಂದ ಕೆಳಗಿನ ಮುಳ್ಳು ಅವರಿಗೆ ಕಾಣುವುದಿಲ್ಲ. ಅದನ್ನು ಓದುವುದು ಅವನ ಕೆಲಸ. ತಾಯಿಯ ತೋಳಿನ ಮೇಲಿಂದ ಅವನು ಕತ್ತು ಹೊರಳಿಸಿ ಕೆಳಗೆ ನೋಡುತ್ತಾನೆ.

"ನೂರಾ ಹತ್ತು," ಎನ್ನುತ್ತಾನೆ. ಅವನನ್ನು ಮಲಗಿಸಿ ಶರಣವ್ವ ಒಬ್ಬರೇ ಹತ್ತಿ, "ನಂದು ಐವತ್ತೆಂಟು," ಎನ್ನುತ್ತಾರೆ. "ಐವತ್ತೆರಡು ನೋಡವ್ವಾ. ಹೋದ ತಿಂಗಳದಷ್ಟ," ಎಂದು ಲೆಕ್ಕ ಮುಗಿಸುತ್ತಾನೆ ಮಗ.

ನಾನು ಪಕ್ಕದಲ್ಲೇ ನಿಂತಿದ್ದೆ. ಮುಳ್ಳು ನೂರನ್ನು ದಾಟಿದ್ದೇ ಕಷ್ಟದಿಂದ. ತಲೆಯೆತ್ತಿದರೆ ಹಾಸಿಗೆಯ ಮೇಲಿಂದ ಶಿವಯೋಗೀಶ ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಏನು ಕೇಳುತ್ತಿದ್ದಾನೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಬಾಯಿ ಮುಚ್ಚಿಕೊಂಡೆ.

ಈ ಕಾಯಿಲೆಯಲ್ಲಿ ಒಂದು ವಯಸ್ಸು ದಾಟಿದ ಮೇಲೆ ನುಂಗುವ ಶಕ್ತಿ ಕಡಿಮೆಯಾಗುತ್ತದೆ, ಎದೆ ಸೋಲುತ್ತದೆ, ಮೈ ಇಳಿಯುತ್ತ ಹೋಗುತ್ತದೆ. ಇದನ್ನು ಡಾಕ್ಟರು ಮೊದಲೇ ಹೇಳಿದ್ದಾರೆ. ಇಳಿಯಲು ಶುರುವಾದರೆ ಮುಂದೇನು ಎಂಬುದನ್ನೂ ಹೇಳಿದ್ದಾರೆ. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಬಾಗಿಲ ತನಕ ಕಳಿಸಲು ಬಂದ ಶರಣವ್ವ ಹೊರಗೆ ಕಟ್ಟೆಯ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಎಷ್ಟಿತ್ರಿ ಅಕ್ಕಾರ, ಖರೇ?"

ನಾನು ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ.

"ಬ್ಯಾಡ, ಹೇಳಬ್ಯಾಡ್ರಿ," ಎಂದು ಅವರೇ ಕೈಯಾಡಿಸುತ್ತಾರೆ. "ಅಂವ ಹೇಳಿದಷ್ಟ ಇರ್ಲಿ. ನನ್ನ ತೋಳಿಗೆ ಗೊತ್ತಾಗ್ತೈತ್ರಿ. ಗಣಪತಿ ಹಬ್ಬದಾಗ ಬಚ್ಚಲದಿಂದ ಎತ್ಕೊಂಡು ಬರೋದ್ರಾಗ ಉಸರು ಹತ್ತತಿತ್ತು. ಈಗ ಹತ್ತಂಗಿಲ್ಲ. ಓಣ್ಯಾಗಿನ ಮಂದಿ, ನಿನಗ ಈಗ ಸಲೀಸಾತಲ್ಲವ್ವಾ ಅಂತಾರ. ಒಳಗ ಹೋಗಿ ಅತ್ತು ಬರತೇನಿ."

ಇದನ್ನೆಲ್ಲ ಬರೆದರೆ ಅವನು ಓದುತ್ತಾನಲ್ಲ ಎನ್ನುತ್ತೇನೆ. "ಓದ್ಲಿ ಬಿಡ್ರಿ. ನನಗ ಗೊತ್ತೈತಿ ಅಂತ ಅಂವಗೂ ಗೊತ್ತೈತಿ. ಇಬ್ರೂ ಆ ಮಾತ ಆಡಂಗಿಲ್ಲ, ಅಷ್ಟ," ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ಮತ್ತೆ ಜಿಮ್ಮು. ಫೋನಿನಲ್ಲಿ ಅದೇ ಉಸಿರು. "ಅಕ್ಕಾ, ಈ ತಿಂಗಳ ಎಷ್ಟಂತ್ರಿ?" ಎಂದು ಶಹಬಾಜ ಪ್ಲೇಟುಗಳ ಹತ್ತಿರ ನಿಂತು ಕೇಳುತ್ತಾನೆ.

"ಐವತ್ತೆರಡ ಅಂತ. ಇರ್ಲಿ ತಮ್ಮಾ, ತೆಗೀಬ್ಯಾಡ."

ಬೂಟಿನ ಲೇಸು ಕಟ್ಟುತ್ತಿದ್ದ ಶರಣವ್ವನನ್ನು ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಅವರು ಗಂಟು ಬಿಗಿಯುತ್ತಾರೆ. ಎದ್ದು, ತಾಳಿಯನ್ನು ಬೆನ್ನಿಗೆ ಹಾಕಿಕೊಳ್ಳುತ್ತಾರೆ.

"ಮೊದಲ ದಿನಾ ದೇವರ ಜಗಲಿ ಮುಂದ ನಿಂತು, ಇವನ್ನ ಎತ್ತೋ ಶಕ್ತಿ ಕೊಡು ಶಿವನ ಅಂತಿದ್ದೆ. ಈಗ ಅದನ್ನ ಕೇಳಂಗಿಲ್ರಿ. ಶಕ್ತಿ ಐತಿ. ಅಂವ ಭಾರ ಆಗ್ಲಿ ಅಂತ ಬೇಡಕೊಳ್ತೇನಿ. ಎಷ್ಟ ಭಾರ ಆಗ್ತಾನ ಆಗ್ಲಿ, ನಾ ಎತ್ತತೇನಿ."